ಕೋಲಿಗೆ ತಾಗದ ಜೀಪು

ಮಠದ ಜೀಪನ್ನು ಎಷ್ಟು ಇಂಚು ಎತ್ತರಿಸಬೇಕು ಎಂಬ ಪ್ರಶ್ನೆಯ ಮೇಲೆ ಬಿಳಿಕಲ್ಲು ಮಠ ಎರಡು ಪಕ್ಷವಾಗಿ ಅಂದಿಗೆ ಹನ್ನೊಂದು ದಿನ. ನಾಲ್ಕು ಇಂಚಿನ ಪಕ್ಷದವರು ಪೂರ್ವದ ಜಗಲಿಯಲ್ಲಿ ಊಟಕ್ಕೆ ಕೂರುತ್ತಿದ್ದರು, ಎರಡು ಇಂಚಿನವರು ಪಶ್ಚಿಮದ ಜಗಲಿಯಲ್ಲಿ. ಅಡುಗೆಯ ಗುರುಸಿದ್ಧಪ್ಪ ಎರಡೂ ಕಡೆಗೆ ಒಂದೇ ಸಾರು ಬಡಿಸುತ್ತಿದ್ದುದರಿಂದ ಎರಡೂ ಕಡೆಯವರು ಅವನನ್ನು ನಂಬುತ್ತಿರಲಿಲ್ಲ. ಪರಿಸ್ಥಿತಿ ಗಂಭೀರವಾಗಿತ್ತು, ಆದರೆ ಹತೋಟಿಯಲ್ಲಿತ್ತು.

ಜೀಪು ಹಳೆಯದು. ಪ್ರತಿ ಸೋಮವಾರ ಅದು ಬೆಟ್ಟ ಹತ್ತಿ, ಹತ್ತಿಪ್ಪತ್ತು ಮನೆಗಳ ಆರು ಪೋಡುಗಳನ್ನು ಸುತ್ತಿ, ಮಠಕ್ಕೂ ಆಸ್ಪತ್ರೆಗೂ ಬರುವವರನ್ನು ಇಳಿಸಿಕೊಂಡು ಬರುತ್ತಿತ್ತು. ಸಂಜೆ ಮತ್ತೆ ಬಿಟ್ಟು ಬರುತ್ತಿತ್ತು. ಇಪ್ಪತ್ತು ವರ್ಷದ ಭಾರಕ್ಕೆ ಅದರ ಹಿಂದಿನ ಸ್ಪ್ರಿಂಗಿನ ಕಮಾನುಪಟ್ಟಿಗಳು ಸೋತು ಚಪ್ಪಟೆಯಾಗಿದ್ದವು. ಹತ್ತುವಾಗ ಕಾಲಿಡುವ ಕಬ್ಬಿಣದ ಕಾಲುಹಲಗೆಯನ್ನು ತುಕ್ಕು ತಿಂದಿತ್ತು. ಇದನ್ನು ಕಂಡ ಭಕ್ತರೊಬ್ಬರು, ಗುತ್ತಿಗೆದಾರ ಶಿವಮಲ್ಲಪ್ಪನವರು, ‘ಕಮಾನು, ಶಾಕು, ಟೈರು ಎಲ್ಲ ನನ್ನ ಸೇವೆ. ಎತ್ತರ ಎಷ್ಟು ಅನ್ನೋದೊಂದು ಮಠದವರು ಹೇಳಲಿ’ ಎಂದಿದ್ದರು. ಅದೇ ಉಸಿರಿನಲ್ಲಿ ಅವರು ಹೊಸ ಪೀಠವೊಂದನ್ನೂ ಒಪ್ಪಿಸಿದ್ದರು. ತೇಗದ ಪೀಠ, ಮೂರು ಮೆಟ್ಟಿಲು. ಪೀಠದ ವಿಷಯ ಸಮಿತಿಯಲ್ಲಿ ಒಂದು ನಿಮಿಷದಲ್ಲಿ ಮುಗಿಯಿತು. ಜೀಪಿನ ವಿಷಯ ಮುಗಿಯಲಿಲ್ಲ.

ನಾಲ್ಕು ಇಂಚಿನ ಪಕ್ಷದ ಮುಂದಾಳು ಮುರುಗೇಂದ್ರ ದೇವರು. ಗುರುಗಳ ಶಿಷ್ಯ, ಬರುವ ಕಾರ್ತಿಕದಲ್ಲಿ ಆ ಹೊಸ ಪೀಠದ ಮೇಲೆ ಕೂರಬೇಕಾದವನು; ಪೀಠಕ್ಕೆ ಅಳತೆ ಕೊಟ್ಟವನೂ ಅವನೇ. ನಾಲ್ಕು ಇಂಚು ಏಕೆ ಎಂದು ಕೇಳಿದವರಿಗೆ ಅವನು ಕಲ್ಲಿನ ಎತ್ತರ, ಹಳ್ಳದ ಆಳ, ಚಕ್ರದ ಸುತ್ತಳತೆ ಎಲ್ಲವನ್ನೂ ವಿವರಿಸುತ್ತಿದ್ದ. ಪಕ್ಕದ ಮಠದ ಜೀಪು ಮೂರು ಇಂಚು ಎತ್ತರಗೊಂಡಿದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಮಣ್ಣಿನ ಟೈರು, ಕಲ್ಲಿನ ಟೈರು, ಎರಡಕ್ಕೂ ಒದಗುವ ಟೈರು ಎಂದು ಮೂರು ಬಗೆಯ ಚಿತ್ರಪಟಗಳನ್ನು ಅವನು ಶಾಸ್ತ್ರಗ್ರಂಥಗಳ ನಡುವೆ ಇಟ್ಟುಕೊಂಡಿದ್ದ. ಅಳತೆಯ ಟೇಪು ಸದಾ ಕಾವಿಯ ಮಡಿಲಲ್ಲಿರುತ್ತಿತ್ತು.

ಹನ್ನೊಂದನೆಯ ದಿನ ಸೋಮವಾರ. ಗುರುಗಳು ಎಂದಿನಂತೆ ನೆಲದಿಂದ ಒಂದು ಗೇಣು ಎತ್ತರದ ಹಳೆಯ ಮಣೆಯ ಮೇಲೆ ಕುಳಿತಿದ್ದರು. ಮಣೆಯ ಅಂಚಿನಲ್ಲಿ ಮೇಲುಪೋಡಿನ ಕೇತಮ್ಮ ಕುಳಿತು ತನ್ನ ಮೇಕೆಯ ಕಾಯಿಲೆಯನ್ನು ಮೊದಲಿನಿಂದ ಹೇಳುತ್ತಿದ್ದಳು. ಮುರುಗೇಂದ್ರ ದೇವರು ಕಂಬದ ಪಕ್ಕ ನಿಂತು ಕಾದ. ಮೇಕೆ ಗುಣವಾಯಿತು. ಆಮೇಲೆ ಅದರ ಮರಿಯ ಕಾಯಿಲೆ ಶುರುವಾಯಿತು. ಅದೂ ಗುಣವಾದ ಮೇಲೆ ಕೇತಮ್ಮ ಮಣೆಗೆ ಕೈ ಊರಿ ಎದ್ದು ಊಟಕ್ಕೆ ಹೋದಳು.

“ಬುದ್ಧಿ, ಒಂದು ಪ್ರಶ್ನೆ.”

“ಜೀಪಿಂದಾ?”

“ಜೀಪಿಂದೇ, ಬುದ್ಧಿ. ಎಷ್ಟು ಎತ್ತರ ಸರಿ? ತಾವು ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ನನ್ನ ಮಾತೂ ಕೇಳಬೇಕು. ತಗ್ಗಿದ ಜೀಪಿನಲ್ಲಿ ನಾನು ಬೆಟ್ಟ ಹತ್ತುವವನಲ್ಲ. ಎರಡು ಇಂಚು ಅಂತ ಅಪ್ಪಣೆಯಾದರೆ ನಡೆದೇ ಹೋಗುತ್ತೇನೆ.”

“ನಡೆಯೋದು ಒಳ್ಳೇದೇ. ಕೂತ್ಕೋ” ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಬೆಟ್ಟದ ಬುಡದಲ್ಲಿ ಹನ್ನೊಂದು ಜೀಪುಗಳು ಸರದಿಯಲ್ಲಿ ಓಡುತ್ತಿದ್ದವು. ಮೊದಲು ಬಂದು ನಿಂತದ್ದು ಮೊದಲು ಹೊರಡಬೇಕು. ಅಲ್ಲಿದ್ದ ಕಾನೂನು ಅದೊಂದೇ. ಬೆಟ್ಟದವರು ಜೇನು, ಸೀಗೆ, ಪೊರಕೆ ಹೊತ್ತು ಇಳಿಯುತ್ತಿದ್ದರು. ಅಕ್ಕಿ, ಉಪ್ಪು, ಮಾತ್ರೆ ತೆಗೆದುಕೊಂಡು ಹತ್ತುತ್ತಿದ್ದರು. ದಾರಿಯೆಂದರೆ ಕಲ್ಲು, ಕಲ್ಲು ಮುಗಿದಲ್ಲಿ ಕೆಸರು, ಕೆಸರು ಮುಗಿದಲ್ಲಿ ಹಳ್ಳ.

ಒಬ್ಬ ವ್ಯಾಪಾರಿಗೆ ಆ ಹನ್ನೊಂದರಲ್ಲಿ ಒಂದು ಜೀಪಿತ್ತು. ಅವನು ಅದಕ್ಕೆ ನಾಲ್ಕಿಂಚು ಎತ್ತರದ ಕಮಾನು ಹಾಕಿಸಿದ. ಗೇಣಿಗೂ ಮೀರಿದ ಅಗಲದ ಟೈರು ಹಾಕಿಸಿದ. ಜೀಪು ನಿಂತಲ್ಲೇ ಯುದ್ಧಕ್ಕೆ ಹೊರಟಂತೆ ಕಂಡಿತು. ಬೆಟ್ಟ ನೋಡಲು ಪೇಟೆಯಿಂದ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಬೇರೆ ಜೀಪನ್ನು ತಾವು ಹತ್ತುವುದಿಲ್ಲ ಎಂದರು.

ಇಲ್ಲಿಗೆ ಮುರುಗೇಂದ್ರ ದೇವರ ಬೆನ್ನು ನೆಟ್ಟಗಾಯಿತು. ಟೈರು ಯಾವ ಕಂಪನಿಯದು ಎಂದು ಕೇಳಬೇಕೆನಿಸಿತು. ದೃಷ್ಟಾಂತದಲ್ಲಿ ಕಂಪನಿ ಕೇಳುವುದು ಪದ್ಧತಿಯಲ್ಲವೆಂದು ಸುಮ್ಮನಾದ.

ಒಬ್ಬನನ್ನು ನೋಡಿ ಒಬ್ಬ, ಇನ್ನೂ ಒಂಬತ್ತು ಜನ ಎತ್ತರಿಸಿದರು. ಆ ವರ್ಷ ಜೀಪಿನವರ ಸಂಘಕ್ಕೆ ವ್ಯಾಪಾರಿಯೇ ಅಧ್ಯಕ್ಷನಾದ. ಸ್ಟ್ಯಾಂಡಿನ ಬಾಗಿಲಿಗೆ ಅವನು ಅಡ್ಡಲಾಗಿ ಒಂದು ಬಿದಿರುಕೋಲು ಕಟ್ಟಿಸಿದ. ಊರೆಲ್ಲ ಕೋಲು ಕಟ್ಟುವುದು ಎತ್ತರದ ಗಾಡಿ ಒಳಗೆ ಬರದಿರಲಿ ಎಂದು. ಈ ಕೋಲು ತಗ್ಗಿನ ಗಾಡಿ ಒಳಗೆ ಬರದಿರಲಿ ಎಂದು. ಜೀಪಿನ ಟಾರ್ಪಾಲು ಕೋಲಿಗೆ ತಾಗಿದರೆ ಸರದಿ ಉಂಟು, ತಾಗದಿದ್ದರೆ ಇಲ್ಲ. ಹತ್ತು ಜೀಪುಗಳು ದಿನಾ ತಾಗಿದವು. ಆರು ತಿಂಗಳಲ್ಲಿ ಹತ್ತರ ಟಾರ್ಪಾಲೂ ಒಂದೇ ಜಾಗದಲ್ಲಿ ಹರಿದವು. ಮಳೆ ಬಂದರೆ ಹತ್ತೂ ಜೀಪಿನಲ್ಲಿ ಜನ ಒಂದೇ ಜಾಗದಲ್ಲಿ ನೆನೆದರು. ಇದರಿಂದ ಸಂಘದ ಒಗ್ಗಟ್ಟು ಇನ್ನಷ್ಟು ಗಟ್ಟಿಯಾಯಿತು.

ಹನ್ನೊಂದನೆಯ ಜೀಪು ಒಬ್ಬ ಜೀಪಿನವನದು. ಅವನ ಬದುಕಿಗೆ ಇದ್ದದ್ದು ಆ ಜೀಪು, ಆ ಸರದಿ. ಅವನೂ ಎತ್ತರಿಸಲೆಂದೇ ಗ್ಯಾರೇಜಿಗೆ ಹೋದ.

ಗ್ಯಾರೇಜಿನ ಮೇಸ್ತ್ರಿ ಕಮಾನುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟ. “ಇದು ಎರಡಿಂಚು, ಇದು ಮೂರು, ಇದು ನಾಲ್ಕು. ಎಲ್ಲಾರೂ ನಾಲ್ಕೇ ತಗೊಂಡ್ರು. ನಿಂಗೂ ಅದೇ ಕಟ್ಲಾ?”

“ನಾಲ್ಕು ಕಟ್ಟಿದ್ರೆ ಏನೇನಾಗುತ್ತೆ?”

ಮೇಸ್ತ್ರಿ ಅವನನ್ನು ಒಮ್ಮೆ ನೋಡಿದ. ಹತ್ತು ಜನರಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. “ಗೇರ್‌ಬಾಕ್ಸಿಂದ ಚಕ್ರಕ್ಕೆ ಹೋಗೋ ಶಾಫ್ಟು ಓರೆಯಾಗುತ್ತೆ, ಜಾಯಿಂಟು ಬೇಗ ಸವೆಯುತ್ತೆ. ಬ್ರೇಕಿಗೆ ಎಣ್ಣೆ ಹೋಗೋ ಹೋಸು ಗಿಡ್ಡ ಆಗುತ್ತೆ, ಉದ್ದದ್ದು ಹಾಕ್ಬೇಕು. ಓರೆ ಜಾಗದಲ್ಲಿ ಜೀಪು ವಾಲುತ್ತೆ. ಅಗಲ ಟೈರಿಗೆ ಸ್ಟೀರಿಂಗು ಕಲ್ಲು ಎಳೆದ ಹಾಗೆ.”

“ಇದನ್ನೆಲ್ಲ ಅವ್ರಿಗೆ ಹೇಳಲಿಲ್ವಾ?”

“ಅವ್ರು ಎತ್ತರ ಎಷ್ಟು ಅಂತ ಕೇಳಿದ್ರು, ಹೇಳ್ದೆ. ಹೋಸಿನ ಮಾತು ತೆಗೆದ್ರೆ ‘ಅದು ಯಾರಿಗೆ ಕಾಣುತ್ತೆ’ ಅಂದ್ರು.”

ಜೀಪಿನವ ಸ್ವಲ್ಪ ಹೊತ್ತು ಕಮಾನುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಆಮೇಲೆ ಒಂದು ದಾರ ಕೇಳಿ ತೆಗೆದುಕೊಂಡು ಎದ್ದು ಹೋದ. ಮರುದಿನ ಬಂದಾಗ ದಾರದಲ್ಲಿ ಒಂದು ಗಂಟಿತ್ತು.

“ಇಲ್ಲಿಂದ ಇಲ್ಲಿಗೆ. ಕಾಲುಹಲಗೆ ನೆಲದಿಂದ ಇದಕ್ಕಿಂತ ಮೇಲೆ ಹೋಗಬಾರದು.”

“ಇದು ಯಾವ ಕಲ್ಲಿನ ಅಳತೆಯಪ್ಪ?”

“ಕಲ್ಲಿನದಲ್ಲ. ನನ್ನ ಜೀಪಲ್ಲಿ ವಾರಾ ವಾರಾ ಪೊರಕೆ ಹೊತ್ತು ಬರೋ ಅಜ್ಜಿ ಒಬ್ಬಳಿದ್ದಾಳೆ. ಅವಳ ಮೊಣಕಾಲಿಂದು.”

ಮೇಸ್ತ್ರಿ ಬಾಯಲ್ಲಿದ್ದ ಎಲೆಯಡಿಕೆ ಉಗಿಯುವಷ್ಟು ನಕ್ಕ. “ಇಪ್ಪತ್ತು ವರ್ಷದಿಂದ ಜನ ಕಲ್ಲು ಅಳೀತಾರೆ, ಹಳ್ಳ ಅಳೀತಾರೆ. ನೀನು ಅಜ್ಜಿ ಅಳ್ಕೊಂಡು ಬಂದಿದ್ದೀಯಾ? ಕಾಲುಹಲಗೆ ಬೇಕಾದ್ರೆ ಕೆಳಗೆ ಇಳಿಸಿ ಕೊಡ್ತೀನಿ. ಜೀಪು ಎತ್ತರಿಸ್ಕೋ.”

“ಜೀಪು ಎತ್ತರಿಸೋದು ಕಲ್ಲು ತಾಗದಿರಲಿ ಅಂತ. ಹಲಗೆ ಕೆಳಗಿಳಿಸಿದ್ರೆ ಅದಕ್ಕೆ ತಾಗುತ್ತೆ. ಮತ್ತೆ ಎತ್ತರಿಸಿದ್ದು ಯಾತಕ್ಕೆ? ಕಲ್ಲು ಕಂಡ್ರೆ ನಾನು ಪಕ್ಕಕ್ಕೆ ತಿರುಗಿಸ್ಕೋತೀನಿ ಮೇಸ್ತ್ರಿ. ಮೊಣಕಾಲನ್ನ ಎಲ್ಲಿಗೆ ತಿರುಗಿಸಲಿ?”

ಮೇಸ್ತ್ರಿ ನಗುವುದನ್ನು ಬಿಟ್ಟು ಕೆಲಸ ಶುರುಮಾಡಿದ. ಸೋತಿದ್ದ ಹಿಂದಿನ ಕಮಾನಿಗೆ ಒಂದೊಂದು ಪಟ್ಟಿ ಸೇರಿಸಿದ. ಮುಂದಿನದನ್ನು ಅದಕ್ಕೆ ಸರಿದೂಗಿಸಿದ. ಒಟ್ಟು ಒಂದೂವರೆ ಇಂಚು ಎದ್ದಿತು. ದಾರದ ಗಂಟಿಗೆ ಕೂದಲೆಳೆಯಷ್ಟು ಕೆಳಗೆ ನಿಂತಿತು. ಟೈರು ಕಿರಿದಾದದ್ದು, ಗಟ್ಟಿ ಹಲ್ಲಿನದು. ಅಗಲ ಟೈರು ಕೆಸರಿನ ಮೇಲೆ ತೇಲುತ್ತದೆ, ಕಿರಿದಾದದ್ದು ಕೆಸರನ್ನು ಕೊಯ್ದು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಆ ಬೆಟ್ಟದ ಕೆಸರು ಗೇಣಿನಷ್ಟೇ ಆಳ ಎಂಬುದು ಜೀಪಿನವನಿಗೆ ಗೊತ್ತಿತ್ತು. ಬ್ರೇಕಿನ ಹೋಸು ಉದ್ದದ್ದನ್ನು ಹಾಕಿಸಿದ. ಅದು ಯಾರಿಗೂ ಕಾಣಲಿಲ್ಲ.

ಸ್ಟ್ಯಾಂಡಿಗೆ ಬಂದ. ಜೀಪು ಕೋಲಿಗೆ ತಾಗದೆ ಒಳಗೆ ಬಂತು. ನಾಲ್ಕು ಬೆರಳು ಉಳಿಯಿತು. ಅಧ್ಯಕ್ಷ ಕೈ ಅಡ್ಡ ಹಿಡಿದ. ಸರದಿ ಇಲ್ಲ ಎಂದ.

ಮರುದಿನ ಜೀಪಿನವ ಟಾರ್ಪಾಲಿನ ಮೇಲೆ ಒಂದು ಪೊರಕೆಯನ್ನು ನೆಟ್ಟಗೆ ಕಟ್ಟಿಕೊಂಡು ಬಂದ. ಪೊರಕೆ ಕೋಲಿಗೆ ತಾಗಿತು. ತಾಗಿದ್ದಷ್ಟೇ ಅಲ್ಲ, ಕೋಲಿನ ಧೂಳನ್ನೂ ಗುಡಿಸಿತು. ಸರದಿಯಲ್ಲಿ ನಿಂತವರು ಮುಖ ತಿರುಗಿಸಿಕೊಂಡು ನಕ್ಕರು. ಅಧ್ಯಕ್ಷ ನಗಲಿಲ್ಲ.

“ಏನಯ್ಯಾ ಇದು? ಪೊರಕೆ ಜೀಪಾ?”

“ನಿಮ್ಮ ಟೈರಿನೊಳಗಿನ ಗಾಳಿ ಜೀಪಾ ಅಣ್ಣ? ಅದನ್ನೂ ಸೇರಿಸಿ ತಾನೇ ಅಳೆದಿದ್ದು?”

ಸಂಘದ ಸಭೆ ಸೇರಿತು. ಗಾಳಿ ಜೀಪಿನ ಭಾಗವೆಂದೂ ಪೊರಕೆ ಅಲ್ಲವೆಂದೂ ಒಮ್ಮತದಿಂದ ತೀರ್ಮಾನವಾಯಿತು. ಜೀಪಿನವನ ಹೆಸರನ್ನು ಸರದಿಯಿಂದ ತೆಗೆದರು. ಜೀಪು ಎತ್ತರಿಸಿ, ತಪ್ಪಾಯಿತು ಎಂದು ಬರೆದುಕೊಟ್ಟರೆ ಮತ್ತೆ ಸೇರಿಸಿಕೊಳ್ಳುವುದಾಗಿ ಹೇಳಿದರು. ಅವನು ಬರೆದುಕೊಡಲಿಲ್ಲ. ಪೊರಕೆ ಬಿಚ್ಚಿ ಜೀಪಿನೊಳಗೆ ಹಾಕಿಕೊಂಡು, ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿದ್ದ ಒಂದು ಹೊಂಗೆಮರದ ಕೆಳಗೆ ಜೀಪು ನಿಲ್ಲಿಸಿದ.

ಮೊದಲ ವಾರ ಒಬ್ಬರೂ ಬರಲಿಲ್ಲ. ಎರಡನೆಯ ವಾರ ಪೊರಕೆಯ ಅಜ್ಜಿ ಬಂದಳು. ಸ್ಟ್ಯಾಂಡಿನಲ್ಲಿ ಅವಳನ್ನು ಇಬ್ಬರು ರಟ್ಟೆ ಹಿಡಿದು ಮೂಟೆಯಂತೆ ಎತ್ತಿ ಹಾಕಿದ್ದರಂತೆ. “ಮೂಟೆಗಾದ್ರೆ ನಾಚ್ಕೆ ಇಲ್ಲ ಕಣಪ್ಪ” ಎಂದಳು. ಅವಳು ಮೊಣಕಾಲೆತ್ತಿ ಕಾಲುಹಲಗೆಯ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕುಳಿತಳು. ಅದಾದ ಮೇಲೆ ಅವಳ ಓರಗೆಯವರು ಬಂದರು. ಬಸುರಿಯರು ಬಂದರು. ಕುಂಟುವವನೊಬ್ಬ ಬಂದ. ಇವರಲ್ಲಿ ಯಾರೂ ಫೋಟೋ ತೆಗೆಸಿಕೊಳ್ಳುವವರಲ್ಲ. ಜೀಪಿನವನ ಮನೆಯಲ್ಲಿ ಒಲೆ ಹೇಗೋ ಉರಿಯಿತು, ಅಷ್ಟೆ.

ಗುರುಗಳು ನೀರು ಕುಡಿದರು. ಮುರುಗೇಂದ್ರ ದೇವರಿಗೆ ಆ ಜೀಪಿನವನ ಮೇಲೆ ಸಿಟ್ಟು ಬಂದಿತ್ತು. ಕೋಲಿಗೆ ತಾಗಲು ನಾಲ್ಕು ಬೆರಳು ಬೇಕಿತ್ತು, ಅಷ್ಟೇ ತಾನೇ? ಎತ್ತರಿಸಿಕೊಂಡಿದ್ದರೆ ಏನು ಹೋಗುತ್ತಿತ್ತು? ಇಂಥ ಹಟಮಾರಿಗಳಿಂದಲೇ ಸಂಘಗಳು ಕೆಡುವುದು. ತಾನು ಹನ್ನೊಂದು ದಿನದಿಂದ ನಾಲ್ಕಿಂಚಿಗಾಗಿ ಹಟ ಹಿಡಿದಿರುವುದು ಅವನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಮಡಿಲಿನ ಟೇಪನ್ನು ಎಳೆದು, ಬಿಟ್ಟು, ಮತ್ತೆ ಎಳೆದ.

ಮಳೆಗಾಲದ ಒಂದು ಮಧ್ಯಾಹ್ನ ಅಧ್ಯಕ್ಷ ಒಬ್ಬನೇ ಜೀಪಿನಲ್ಲಿ ಬೆಟ್ಟ ಇಳಿಯುತ್ತಿದ್ದ. ಮುಂದಿನ ಒಂದು ಚಕ್ರ ಗುಂಡಿಯೊಳಗೆ ಜೋತುಬಿತ್ತು. ಹೊಸ ಕಮಾನು ಉದ್ದವಾದದ್ದು, ಚಕ್ರವನ್ನು ಆಳಕ್ಕೆ ಬಿಟ್ಟಿತು. ಹಳೆಯ ಹೋಸು ಅಷ್ಟು ದೂರ ಎಟುಕಲಿಲ್ಲ, ಕಿತ್ತು ಬಂತು. ಬ್ರೇಕು ತುಳಿದರೆ ಪೆಡಲು ನೆಲಕ್ಕೆ ಹೋಯಿತು. ಅಗಲ ಟೈರುಗಳು ಕೆಸರಿನ ಮೇಲೆ ತೇಲಿದವು. ಅಧ್ಯಕ್ಷ ಜೀಪನ್ನು ದಿಬ್ಬಕ್ಕೆ ತಿರುಗಿಸಿದ; ಅದು ಎತ್ತರದ ವಸ್ತುಗಳು ಮಗ್ಗುಲಾಗುವಂತೆ ಮಗ್ಗುಲಾಯಿತು. ಅವನ ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು.

ಹಿಂದೆ ಬರುತ್ತಿದ್ದ ಎರಡು ಜೀಪುಗಳು ನಿಂತವು. ಎರಡೂ ಸಂಘದವೇ, ಎರಡೂ ನಾಲ್ಕಿಂಚಿನವೇ. ಇಬ್ಬರು ಹೆಗಲು ಕೊಟ್ಟರು, ಒಬ್ಬ ಕಾಲು ಹಿಡಿದ. ಅಷ್ಟು ಎತ್ತರಕ್ಕೆ ಎತ್ತುವಾಗ ಕಾಲು ತಿರುಚಿತು. ಅಧ್ಯಕ್ಷ ಕೂಗಿದ. ಇನ್ನೊಂದು ಜೀಪಿಗೆ ಎತ್ತಿ ನೋಡಿದರು. ಮತ್ತೆ ಕೂಗಿದ. ಮೂರನೆಯ ಸಲ “ಎತ್ತಬೇಡ್ರಪ್ಪೋ” ಎಂದ. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಜೀಪಿನವ ಕೆಸರು ಕೊಯ್ಯುತ್ತ ಮೇಲಿನಿಂದ ಇಳಿದು ಬಂದ. ಒಳಗೆ ಪೊರಕೆಯ ಅಜ್ಜಿ ಇದ್ದಳು. ಅವನು ಏನೂ ಕೇಳಲಿಲ್ಲ. ಜೀಪನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಅಧ್ಯಕ್ಷ ಕಾಲುಹಲಗೆಯ ಮೇಲೆ ಕುಳಿತು, ಅಲ್ಲಿಂದ ಹಿಂದಕ್ಕೆ ಸರಿದು, ತಾನೇ ಒಳಗೆ ಬಂದ.

“ಬಾ ಮಗ, ಜರುಗ್ತೀನಿ” ಎಂದಳು ಅಜ್ಜಿ.

“ಹುಷಾರು ಅಣ್ಣ. ಕಾಲಡಿ ಪೊರಕೆ ಇದೆ” ಎಂದ ಜೀಪಿನವ.

ಎರಡು ತಿಂಗಳ ಮೇಲೆ ಅಧ್ಯಕ್ಷ ಊರುಗೋಲಿನಲ್ಲಿ ಹೊಂಗೆಮರದ ಹತ್ತಿರ ಬಂದ.

“ಸರದಿಗೆ ಬಾರಯ್ಯ. ಆ ಪೊರಕೆ ಕಟ್ಕೊಂಡೇ ಬಾ. ನಾವು ನೋಡದ ಹಾಗೆ ಇರ್ತೀವಿ.”

“ಕೋಲು ಬಿಚ್ಚಿ, ಬರ್ತೀನಿ. ಪೊರಕೆ ಕಟ್ಕೊಂಡು ಬರಲ್ಲ.”

“ಕೋಲು ನನ್ನದಾ? ಸಂಘದ ತೀರ್ಮಾನ ಅದು.”

“ಸರಿ ಅಣ್ಣ. ಈ ಮರ ಯಾವ ಸಂಘದ್ದೂ ಅಲ್ಲ. ನಾನು ಇಲ್ಲೇ ಇರ್ತೀನಿ. ಆಸ್ಪತ್ರೆಗೆ ಹೋಗೋದಿದ್ರೆ ಹತ್ತಿ, ಕರ್ಕೊಂಡು ಹೋಗ್ತೀನಿ.”

ಅಧ್ಯಕ್ಷ ಊರುಗೋಲನ್ನು ಮೊದಲು ಒಳಗಿಟ್ಟ. ಆಮೇಲೆ ಹತ್ತಿದ, ಅವತ್ತು ಅವನಿಗೆ ಕಾಲಿನ ಪಟ್ಟಿ ಬಿಚ್ಚಿಸುವುದಿತ್ತು. ಕೋಲು ಇಂದಿಗೂ ಅಲ್ಲೇ ಇದೆ. ಮರುವರ್ಷದ ಹೊತ್ತಿಗೆ ಮರದ ಕೆಳಗೆ ಮೂರು ಜೀಪುಗಳಿದ್ದವು.

ಗುರುಗಳು ನಿಲ್ಲಿಸಿದರು. ಮುರುಗೇಂದ್ರ ದೇವರು ಇನ್ನೂ ಏನೋ ಬರುತ್ತದೆ ಎಂದು ಕಾದ. ಬರಲಿಲ್ಲ. ಅವನು ಬುದ್ಧಿವಂತ, ಕತೆಯಲ್ಲಿದ್ದ ಅಳತೆಗಳನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಕೂಡಿಸಿ ನೋಡಿದ. ಸೋತದ್ದು ಒಪ್ಪಿಕೊಳ್ಳಲು ಕಷ್ಟವಾಯಿತು. ಆದರೂ ಎರಡು ಇಂಚಿನ ಪಕ್ಷವೂ ಸೋತಿತಲ್ಲ ಎಂಬ ಸಮಾಧಾನವಿತ್ತು.

“ಹಾಗಾದರೆ ಒಂದೂವರೆ ಇಂಚು ಅಂತ ಬರೆದುಕೊಳ್ಳಲೇ, ಬುದ್ಧಿ?”

ಊಟ ಮುಗಿಸಿದ ಕೇತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಳು. ಹೊರಡುವ ಮೊದಲು ಗುರುಗಳಿಗೆ ಇನ್ನೊಂದು ಮಾತು ಹೇಳುವುದಿತ್ತು. ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ ತೇಗದ ಪೀಠವನ್ನು ಬಳಸಿಕೊಂಡು ಬಂದು, ಹಳೆಯ ಮಣೆಗೆ ಕೈ ಊರಿ, ಮೆಲ್ಲಗೆ ಅದರ ಅಂಚಿನಲ್ಲಿ ಕುಳಿತಳು.

ಗುರುಗಳು ಶಿಷ್ಯನ ಕಡೆ ತಿರುಗಿದರು.

“ಜೀಪಿನ ಅಳತೆ ಮೇಸ್ತ್ರಿ ತಗೋತಾನೆ, ನೀನು ಆ ಪೀಠವನ್ನ ಯಾರ ಮೊಣಕಾಲಿಗೆ ಅಳತೆ ಕೊಟ್ಟು ಮಾಡಿಸಿದೆ?”

ಮುರುಗೇಂದ್ರ ದೇವರ ಕೈಯಲ್ಲಿದ್ದ ಟೇಪು ತಾನಾಗಿಯೇ ಸುತ್ತಿಕೊಂಡು ಒಳಗೆ ಹೋಯಿತು.

ಜೀಪು ಒಂದೂವರೆ ಇಂಚು ಎತ್ತರವಾಯಿತು. ಪೀಠದ ಎರಡು ಮೆಟ್ಟಿಲುಗಳನ್ನು ಕಾರ್ತಿಕಕ್ಕೆ ಮೊದಲೇ ಬಿಚ್ಚಿಸಲಾಯಿತು. ಆ ತೇಗದ ಹಲಗೆ ಈಗ ಜೀಪಿನ ಕಾಲುಹಲಗೆಯಾಗಿದೆ. ನೆಲದಿಂದ ಹದಿನೈದೂಮುಕ್ಕಾಲು ಇಂಚು, ಕೇತಮ್ಮನ ಮೊಣಕಾಲಿನಷ್ಟು.